ನಾಣ್ಯದ ಬೆಲೆ ಮತ್ತು ನಾಣ್ಯದ ಹಕ್ಕು

ಹಳೆಯ ವಸ್ತುವನ್ನು ಗುರುತಿಸಬೇಕಾದರೆ ಅದರ ಮೇಲಿನ ಅಕ್ಷರಗಳನ್ನು ಓದಬೇಕು. ಮಸ್ಕಿಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1915ರಲ್ಲಿ ನಮ್ಮೂರ ಬಂಡೆಯ ಶಾಸನ ಬೆಳಕಿಗೆ ಬಂದು ಅದರಲ್ಲಿ ಅಶೋಕನ ಹೆಸರು ದೊರೆತಾಗ, ಬೇರೆ ಶಾಸನಗಳ ‘ದೇವಾನಾಂಪ್ರಿಯ’ ಯಾರೆಂಬ ಸಂದೇಹ ನೀಗಿತು. ಆದರೆ ಎಲ್ಲ ವಸ್ತುಗಳೂ ತಮ್ಮ ಒಡೆಯರ ಹೆಸರನ್ನು ಹೇಳುವುದಿಲ್ಲ. ನಾಣ್ಯವು ಅಚ್ಚು ಹಾಕಿಸಿದ ಅರಸನ ಹೆಸರನ್ನು ಹೇಳುತ್ತದೆ, ಅದನ್ನು ಕೂಡಿಟ್ಟವರ ಹೆಸರನ್ನಲ್ಲ.

ಮಸ್ಕಿಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿದ್ದ ತಗಡಿನ ಪೆಟ್ಟಿಗೆಯಲ್ಲಿ, ದಾದಿಯ ಬಟ್ಟೆಗಳ ಅಡಿಯಲ್ಲಿ, 21 ಬೆಳ್ಳಿ ರೂಪಾಯಿಗಳ ಗಂಟು ದೊರೆಯಿತು. ಎಲ್ಲವೂ ಕಪ್ಪುಗಟ್ಟಿದ್ದವು. ಹುಣಸೆಹಣ್ಣು ಹಚ್ಚಿ ಉಜ್ಜಲು ಹೊರಟ ಮಕ್ಕಳನ್ನು ತಡೆದೆ. ಉಜ್ಜಿದರೆ ಅಚ್ಚು ಸವೆಯುತ್ತದೆ, ಸಂಗ್ರಾಹಕರ ಕಣ್ಣಿನಲ್ಲಿ ಬೆಲೆಯೂ ಇಳಿಯುತ್ತದೆ.

ಒಂದು ಬದಿಯಲ್ಲಿ ಚಾರ್‌ಮಿನಾರ್, ಅದರ ಸುತ್ತ ಆಸಫ್ ಜಾಹೀ ಅರಸರ ಬಿರುದು. ನಡುಗಮಾನಿನೊಳಗೆ ‘ಐನ್’ ಅಕ್ಷರ. ಅದು ಕೊನೆಯ ನಿಜಾಮರಾದ ಉಸ್ಮಾನ್ ಅಲಿ ಖಾನರ ಹೆಸರಿನ ಮೊದಲಕ್ಷರ. ಅವರ ತಂದೆ ಮಹಬೂಬ್ ಅಲಿ ಖಾನರ ಚಾರ್‌ಮಿನಾರ್ ನಾಣ್ಯಗಳಲ್ಲಿ ಅದೇ ಜಾಗದಲ್ಲಿ ‘ಮೀಮ್’ ಇರುತ್ತದೆ. ಜೊತೆಗೆ 92 ಎಂಬ ಅಂಕಿ. ಅದು ಇಸವಿಯಲ್ಲ, ಅಬ್ಜದ್ ಲೆಕ್ಕದಲ್ಲಿ ಮೀಮ್ 40, ಹಾ 8, ಮೀಮ್ 40, ದಾಲ್ 4 ಕೂಡಿದರೆ ಬರುವ ಪ್ರವಾದಿವರ್ಯರ(ಸ) ಹೆಸರಿನ ಮೊತ್ತ. ನಾಣ್ಯದ ಮೇಲಿನ ಇಸವಿ ಹಿಜರಿ 1337, ಅಂದರೆ ಕ್ರಿ.ಶ. 1918-19.

ಆಗ ಸಿಂಧನೂರು, ಲಿಂಗಸುಗೂರುಗಳೆಲ್ಲ ನಿಜಾಮರ ರಾಜ್ಯಕ್ಕೆ ಸೇರಿದ್ದವು. ಇಲ್ಲಿನ ಸಂತೆಗಳಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ. ಬ್ರಿಟಿಷರ ಕಲ್ದಾರ್ ರೂಪಾಯಿ ಆರಕ್ಕೆ ಹಾಲಿ ಏಳು ಎಂಬುದು ವಿನಿಮಯದ ಲೆಕ್ಕ. 1948ರಲ್ಲಿ ಆ ರಾಜ್ಯವು ಭಾರತದಲ್ಲಿ ವಿಲೀನಗೊಂಡ ಬಳಿಕ ಕೆಲವೇ ವರ್ಷಗಳಲ್ಲಿ ಈ ಹಣದ ಚಲಾವಣೆಯೂ ನಿಂತಿತು.

ಬೆಲೆ ತಿಳಿಯಲು ಸಿಂಧನೂರಿನ ಬೆಳ್ಳಿ ಅಂಗಡಿಯೊಂದರಲ್ಲಿ ತೂಗಿಸಿದೆವು. ಈ ರೂಪಾಯಿಯ ತೂಕ 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇ. 81.8. ಹೀಗೆ 21 ನಾಣ್ಯಗಳಲ್ಲಿ ಸುಮಾರು 192 ಗ್ರಾಂ ಶುದ್ಧ ಬೆಳ್ಳಿಯಿದೆ. ಅದನ್ನು ಅಂದಿನ ದರದಿಂದ ಗುಣಿಸಿದರೆ ಕನಿಷ್ಠ ಬೆಲೆ ಸಿಗುತ್ತದೆ. ನಾಣ್ಯ ಅಪರೂಪದ್ದಾಗಿದ್ದರೆ, ಅಚ್ಚು ಸವೆಯದಿದ್ದರೆ ಸಂಗ್ರಾಹಕರು ಅದಕ್ಕಿಂತ ಹೆಚ್ಚು ಕೊಡಬಹುದು. ಹಳೆಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಕೊಡಿಸುವುದಾಗಿ ಮೊಬೈಲಿನಲ್ಲಿ ಬರುವ ಸಂದೇಶಗಳನ್ನು ನಂಬಬಾರದು. ತನ್ನ ಹೆಸರು ಹೇಳಿ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿದೆ.

ಬೆಲೆ ತಿಳಿಯಿತು. ಇನ್ನು, ಹಣ ಯಾರದು? ಮನೆ ಗಂಡುಮಕ್ಕಳ ಪಾಲಿಗೆ ಬಂದಿರುವುದರಿಂದ ಅದರೊಳಗಿನದೂ ಅವರದೇ ಎಂದು ಬಂಧುಗಳಲ್ಲಿ ಕೆಲವರು ಹೇಳಿದರು. ನಮ್ಮ ಸೀಮೆಯಲ್ಲಿ ಇದು ಹೊಸ ಮಾತಲ್ಲ. ಹೊಲ, ಮನೆ, ಪೆಟ್ಟಿಗೆ ಎಲ್ಲವೂ ಹೀಗೆಯೇ ಸದ್ದಿಲ್ಲದೆ ಒಂದು ಕಡೆಗೆ ಜಾರುತ್ತವೆ. ಗಂಟನ್ನು ಲಿಂಗಸುಗೂರಿನ ದೊಡ್ಡ ಫೂಫಿಯ ಮುಂದಿಟ್ಟೆವು. ಅವರು ಅಕ್ಷರ ಓದಬಲ್ಲವರಲ್ಲ. ಗಂಟು ಕಟ್ಟಿದ್ದ ಬಟ್ಟೆಯನ್ನು ಮುಟ್ಟಿ, “ಇದು ಅಮ್ಮಿಯ ಮಹ್ರ್. ಬರಗಾಲದಲ್ಲೂ ಬಿಚ್ಚಿರಲಿಲ್ಲ” ಎಂದರು. ನಾವು ಅಂಕಿ, ಅಕ್ಷರಗಳಲ್ಲಿ ಹುಡುಕಿಯೂ ಕಾಣದ ಹೆಸರು ಅವರಿಗೆ ಗೊತ್ತಿತ್ತು.

ಮಹ್ರ್ ಪತ್ನಿಯ ಸ್ವಂತ ಸೊತ್ತು. ಅದರ ಮೇಲೆ ಪತಿಗಾಗಲಿ ಅವನ ಮನೆಗಾಗಲಿ ಒಡೆತನವಿಲ್ಲ. ಆಕೆಯ ಮರಣಾನಂತರ ಸಾಲ, ವಸಿಯ್ಯತ್‌ಗಳು ತೀರಿದ ಮೇಲೆ ಉಳಿದುದು ವಾರೀಸುದಾರರದು. ಸೊತ್ತು ಅಲ್ಪವಿರಲಿ, ಅಧಿಕವಿರಲಿ, ಅದರಲ್ಲಿ ಪುರುಷರಂತೆ ಸ್ತ್ರೀಯರಿಗೂ ಪಾಲಿದೆ ಎಂದು ಸೂರಃ ಅನ್ನಿಸಾ ಸ್ಪಷ್ಟಪಡಿಸುತ್ತದೆ. ದಾದಿಯ ವಾರೀಸುದಾರರು ಇಬ್ಬರು ಪುತ್ರರು, ಮೂವರು ಪುತ್ರಿಯರು. ಪುತ್ರನಿಗೆ ಎರಡು, ಪುತ್ರಿಗೆ ಒಂದು ಎಂಬ ಲೆಕ್ಕದಲ್ಲಿ ಒಟ್ಟು ಏಳು ಪಾಲು. ಪುತ್ರರಿಗೆ ಆರಾರು, ಪುತ್ರಿಯರಿಗೆ ಮೂರು ಮೂರು ನಾಣ್ಯಗಳು ಬಂದವು. ಚಿಕ್ಕ ಫೂಫಿ ಬೇಡವೆಂದರು. ಬಿಟ್ಟುಕೊಡುವುದೂ ಹಕ್ಕುಳ್ಳವರ ಅಧಿಕಾರ. ಆದರೆ ಮೊದಲು ಹಕ್ಕು ಅವರ ಅಂಗೈಗೆ ಬರಬೇಕು. ಅಂಗೈಯಲ್ಲಿಟ್ಟ ಬಳಿಕ ಅವರು ಮರಳಿ ಕೊಡಲಿಲ್ಲ. ಅದರಿಂದ ನಮಗೆಲ್ಲ ಸಮಾಧಾನವೇ ಆಯಿತು.

ಬಂಧುಗಳೇ, ನಿಮ್ಮ ಅಟ್ಟದಲ್ಲಿಯೂ ಅಂಥ ಪೆಟ್ಟಿಗೆಯಿರಬಹುದು. ಅಕ್ಕಸಾಲಿಗನ ಬಳಿಗೆ ಹೋಗುವ ಮೊದಲು ಸೋದರಿಯರನ್ನು ಕರೆಯಿರಿ.