ಮೂರು ಸಲ ಬೇಡಿದ ಮೇಲೆ

ಕಾಸರಗೋಡಿನ ಕನ್ನಡಿಗರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. 1956ರಲ್ಲಿ ಊರು ಕೇರಳಕ್ಕೆ ಸೇರಿತು. ಆದರೂ ಹೆರಿಗೆಗೂ ಎದೆನೋವಿಗೂ ನಮ್ಮ ಹಿರಿಯರು ಬಡಗಣ ಬಸ್ಸನ್ನೇ ಹತ್ತುತ್ತ ಬಂದರು. 2018ರಲ್ಲಿ ನನ್ನ ಕಿಡ್ನಿಗಳೆರಡೂ ಸೋತಿವೆಯೆಂದು ತಿಳಿದಾಗ ನಾನು ಹತ್ತಿದ್ದೂ ಅದೇ ಬಸ್ಸು. ಅಂದಿನಿಂದ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಉಳಿದ ದಿನಗಳಲ್ಲಿ ಬ್ಯಾಂಕಿನ ಕೌಂಟರು.

ಎಡಗೈಯ ಮಣಿಕಟ್ಟಿನ ಬಳಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದಾರೆ. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಅಲ್ಲಿ ಬೆರಳಿಟ್ಟರೆ ಒಳಗೆ ದುಂಬಿ ಗುಂಯ್‌ಗುಡುವಂತೆ ರಕ್ತ ಅದುರುತ್ತದೆ. ಬೆಳಗ್ಗೆ ಎದ್ದೊಡನೆ ಮುಟ್ಟಿ ನೋಡಬೇಕು. ಅದುರು ನಿಂತಿದ್ದರೆ ಆಸ್ಪತ್ರೆಗೆ ಓಡಬೇಕು. ಹಾಗೆ ಮುಟ್ಟಿಕೊಂಡೇ ಕರ್ತನ ಪ್ರಾರ್ಥನೆ ಹೇಳುವುದು ರೂಢಿಯಾಯಿತು. ಬಾಲ್ಯದಿಂದ ಹೇಳಿದ ಪ್ರಾರ್ಥನೆಯೇ. ಅದರಲ್ಲಿ ಬೇಡುವುದು ಆ ದಿನದ ಆಹಾರವನ್ನು ಮಾತ್ರ, ವರ್ಷದ್ದನ್ನಲ್ಲ ಎಂಬುದು ನಲವತ್ತು ದಾಟಿದ ಮೇಲೆ ಹೊಳೆಯಿತು. ಹತ್ತು ವರ್ಷದ ಠೇವಣಿ ರಸೀದಿ ಬರೆದುಕೊಡುವವನಿಗೆ ಇದು ಹೊಸ ಲೆಕ್ಕ.

ಲೆಕ್ಕವೆಂದರೆ ನೀರಿನದ್ದೂ ಇದೆ. ವೈದ್ಯರು ನನಗೆ ಗೊತ್ತುಮಾಡಿದ್ದು ದಿನಕ್ಕೆ ಮುಕ್ಕಾಲು ಲೀಟರು. ಚಹಾ, ಗಂಜಿತಿಳಿ, ಮಾತ್ರೆ ನುಂಗುವ ನೀರು ಎಲ್ಲ ಅದರೊಳಗೇ. ಪೊಟಾಸಿಯಂ ಏರಿದರೆ ಹೃದಯವೇ ನಿಂತೀತೆಂದು ಬಾಳೆಹಣ್ಣೂ ಎಳನೀರೂ ವರ್ಜ್ಯ. ಹಿತ್ತಿಲ ತುಂಬ ತೆಂಗಿರುವವನಿಗೆ ಇದು ಎಂಥ ಶಿಕ್ಷೆಯೆಂದು ನೀವೇ ಊಹಿಸಿರಿ. ಕುಡಿದದ್ದನ್ನೆಲ್ಲ ಒಂದು ಹಳೆಯ ಡೈರಿಯಲ್ಲಿ ಬರೆದಿಡುತ್ತೇನೆ. ಕರ್ತನ ಭೋಜನದ ದಿನ ಪಾತ್ರೆಯಿಂದ ಕುಡಿಯುವ ಒಂದು ಗುಟುಕು ದ್ರಾಕ್ಷಾರಸವನ್ನು ಮಾತ್ರ ಬರೆಯುವುದಿಲ್ಲ.

ಕಾಯಿಲೆಯ ಸುದ್ದಿ ಹಬ್ಬಿದ ಮೇಲೆ ಹಿತೈಷಿಗಳು ಬಂದರು. ಒಬ್ಬರು ರೋಗಶಾಂತಿಯ ಕೂಟವೊಂದಕ್ಕೆ ಕರೆದೊಯ್ದು, ವಿಶ್ವಾಸ ಸಾಲದ್ದರಿಂದ ಗುಣವಾಗಲಿಲ್ಲ ಎಂದು ನನ್ನ ಹೆಂಡತಿಯ ಎದುರಿಗೇ ಹೇಳಿದರು. ಅವಳು ಅಂದು ರಾತ್ರಿ ಊಟ ಮಾಡಲಿಲ್ಲ. ನಾನು ಆಗ ಸುಮ್ಮನಿದ್ದೆ, ಈಗ ಹೇಳುತ್ತೇನೆ: ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 12ನೆಯ ಅಧ್ಯಾಯ ಓದಿದವರು ಈ ಮಾತು ಆಡಲಾರರು. ತನ್ನ ಶರೀರದ ಪೀಡೆ ತೊಲಗಲಿ ಎಂದು ಪೌಲನು ಮೂರು ಸಲ ಬೇಡಿದನು, ಅದು ತೊಲಗಲಿಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸುವೂ ಮೂರು ಸಲ ಪ್ರಾರ್ಥಿಸಿದನೆಂದು ಮತ್ತಾಯನು ಬರೆಯುತ್ತಾನೆ. ಪಾತ್ರೆ ತೊಲಗಲಿಲ್ಲ. ಅವರಿಗೆಲ್ಲ ವಿಶ್ವಾಸ ಸಾಲದೆ ಹೋಯಿತೇ?

2020ರ ಮಾರ್ಚ್ ಕೊನೆಯಲ್ಲಿ ತಲಪಾಡಿ ಗಡಿ ಮುಚ್ಚಿತು. ಒಳದಾರಿಗಳಿಗೂ ಮಣ್ಣು ಬಿತ್ತು. ಆಂಬುಲೆನ್ಸುಗಳು ಹಿಂದಿರುಗಿದವು, ಗಡಿ ದಾಟಲಾಗದೆ ತೀರಿಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಒಂದಾದ ಮೇಲೊಂದು ಬಂತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ರೋಗಿಗಳಿಗೆ ದಾರಿ ಬಿಡಿಸಬೇಕೆಂದಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಅಷ್ಟರಲ್ಲಿ ನನಗೆ ಡಯಾಲಿಸಿಸ್ ತಪ್ಪಿ ಐದು ದಿನಗಳಾಗಿದ್ದವು. ಕಾಲು ಬಾತು, ಮಲಗಿದರೆ ಉಸಿರು ಕಟ್ಟಿ, ರಾತ್ರಿಯಿಡೀ ಕುರ್ಚಿಯಲ್ಲಿ ಕುಳಿತಿರುತ್ತಿದ್ದೆ. ದೇವಾಲಯ ಮುಚ್ಚಿತ್ತು. ಸಭಾಪಾಲಕರು ಫೋನಿನಲ್ಲೇ ಪ್ರಾರ್ಥನೆ ಮಾಡಿದರು, ನಡುವೆ ಲೈನು ಕಡಿಯಿತು.

ಆ ರಾತ್ರಿಗಳಲ್ಲಿ ಸಾಂತ್ವನದ ವಚನ ಒಂದೂ ನನಗೆ ಹಿಡಿಸಲಿಲ್ಲ. ಹೆಂಡತಿ ಹುಡುಕಿ ಓದಿದ್ದು 88ನೆಯ ಕೀರ್ತನೆ. ಅದು ಕತ್ತಲಲ್ಲೇ ಮುಗಿಯುತ್ತದೆ. ಕೊನೆಗೆ ಸ್ತೋತ್ರವಿಲ್ಲ, ಸಮಾಧಾನವಿಲ್ಲ. ದೇವರ ಮೇಲೆಯೇ ದೂರು. ನಮ್ಮ ಬ್ಯಾಂಕಿನಲ್ಲಿ ಗ್ರಾಹಕರ ದೂರಿಗೆ ಒಂದು ನಮೂನೆ ಇರುವಂತೆ ದೇವರ ಪುಸ್ತಕದಲ್ಲೂ ದೂರಿನ ನಮೂನೆ ಅಚ್ಚಾಗಿದೆಯಲ್ಲ ಎಂದೆ. ಅವಳು ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ. ಕಷ್ಟವೆಲ್ಲ ಒಳ್ಳೆಯದಕ್ಕೇ ಎಂದು ನನ್ನಿಂದ ಹೇಳಿಸದೆ, ಕೂಗಲು ಮಾತು ಕೊಟ್ಟ ವಿಶ್ವಾಸ ಇದು. ಕೂಗಬೇಕಾದರೆ ಕೇಳುವವನೊಬ್ಬನು ಇರಬೇಕಷ್ಟೆ. ಇದ್ದಾನೆ ಎಂಬ ಧೈರ್ಯದಲ್ಲಿ ಬೆಳಗಾಗುತ್ತಿತ್ತು.

ಆರನೆಯ ದಿನ ಹೊಸದುರ್ಗ ಕಡೆಯ ಒಂದು ಕೇಂದ್ರದಲ್ಲಿ ರಾತ್ರಿ ಪಾಳಿ ಸಿಕ್ಕಿತು. ಬಡಗು ಬಿಟ್ಟು ತೆಂಕಲಿಗೆ ಹೊರಟದ್ದು ಅದೇ ಮೊದಲು. ಏಪ್ರಿಲ್ 10ರ ಶುಭ ಶುಕ್ರವಾರ ಆರಾಧನೆಗೆ ಬದಲು ನಾನು ಯಂತ್ರದ ಪಕ್ಕದಲ್ಲಿದ್ದೆ. ಸೂಜಿ ಚುಚ್ಚಿದ ನರ್ಸಮ್ಮ ತಿರುವಲ್ಲ ಕಡೆಯವರು. ನಾನು ಕನ್ನಡದಲ್ಲಿ 22ನೆಯ ಕೀರ್ತನೆ ಓದುವುದನ್ನು ಕಂಡು, ಶಿಲುಬೆಯ ಮೇಲಿನ ಕೂಗು ಅಲ್ಲಿಯದೇ ಅಲ್ಲವೇ ಎಂದು ಮುಂದಿನ ಸಾಲನ್ನು ಮಲಯಾಳದಲ್ಲಿ ಬಾಯಿಪಾಠ ಹೇಳಿದರು. ನಮ್ಮ ಕೀರ್ತನೆಗಳು ಅವರಿಗೆ ಸಂಕೀರ್ತನಂಗಳ್. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದದ್ದು ಅದೇ ಮಂಗಳೂರಿನಿಂದ ಎಂದು ನಾನು ಹೇಳಿದೆ. ಮಾತಾಡಬೇಡಿ, ಬಿ.ಪಿ. ಇಳಿಯುತ್ತಿದೆ ಎಂದರು.

ಗಡಿ ತೆರೆದ ಮೇಲೂ ನಾನು ಆ ಕೇಂದ್ರವನ್ನು ಬಿಡಲಿಲ್ಲ. ಪಕ್ಕದ ಹಾಸಿಗೆಯಲ್ಲಿ ವಯಸ್ಸಾದ ಹಾಜಿಯವರೊಬ್ಬರು ಇರುತ್ತಿದ್ದರು. ಯೋಬನ ಕಥೆ ಓದುತ್ತಿದ್ದೇನೆ ಎಂದಾಗ, "ನಮ್ಮ ಅಯ್ಯೂಬ್ ನಬಿಯಲ್ಲವೇ ಬ್ಯಾಂಕಿನವರೇ, ನಾನು ಚಿಕ್ಕಂದಿನಿಂದ ಕೇಳಿದ್ದೇನೆ" ಎಂದರು. ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಬಾಯಿ ಬಿಡದೆ ಅವನ ಬಳಿ ನೆಲದಲ್ಲಿ ಕುಳಿತಿದ್ದರು ಎಂದು ನಾನು ಹೇಳಿದೆ. ಅವರು ಬಾಯಿ ತೆರೆದ ಮೇಲೆಯೇ ಕೆಟ್ಟದ್ದು ಎಂದದ್ದಕ್ಕೆ ಹಾಜಿಯವರು ತುಂಬ ಹೊತ್ತು ನಕ್ಕರು. ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಹೆಚ್ಚು ಮಾತಾಡದೆ ನಾಲ್ಕು ಗಂಟೆ ಕಳೆಯುತ್ತಿದ್ದೆವು.

ಕಳೆದ ಮಳೆಗಾಲದಲ್ಲಿ ಹಾಜಿಯವರು ತೀರಿಕೊಂಡರು. ಆ ಹಾಸಿಗೆಗೆ ಈಗ ಕುಂಬಳೆ ಕಡೆಯ ಹುಡುಗನೊಬ್ಬ ಬರುತ್ತಾನೆ, ಇಪ್ಪತ್ತೆರಡರ ಪ್ರಾಯ. ಮೊದಲ ವಾರವಿಡೀ ಗೋಡೆಗೆ ಮುಖ ಮಾಡಿ ಮಲಗಿದ್ದ. ನಾನೂ ಏನನ್ನೂ ಕೇಳಲಿಲ್ಲ. ಮೊನ್ನೆ ಶನಿವಾರ ಅವನೇ ಇತ್ತ ತಿರುಗಿ, ಫಿಸ್ಟುಲಾದ ಮೇಲೆ ಬೆರಳಿಟ್ಟುಕೊಂಡು, "ಅಂಕಲ್, ಇದು ರಾತ್ರಿಯೂ ಹೀಗೇ ಅದುರುತ್ತದಾ?" ಎಂದ.

ಹೌದು ಮಗಾ, ರಾತ್ರಿಯೂ, ಎಂದೆ.