ಶ್ರದ್ಧೆ ಅಳಿದ ಮೇಲೆ ಗುರುಸ್ಥಾನ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಬಾಳುವವರಿಗೆ ಮತಭೇದವೆಂಬುದು ಗ್ರಂಥಗಳಲ್ಲಿ ಓದಿ ತಿಳಿಯಬೇಕಾದ ವಿಷಯವಲ್ಲ. ಅದು ನೆರೆಮನೆಯ ಸಂಗತಿ. ಈ ಕಾಡುಸೀಮೆಯ ಸಿದ್ದಿ ಸಮುದಾಯವೊಂದರಲ್ಲೇ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ವಸತಿಯಿದ್ದು, ಗಾಂದೆನ್ ಮತ್ತು ದ್ರೆಪುಂಗ್ ಎಂಬ ಮಹಾವಿಹಾರಗಳು ಅಲ್ಲಿ ಪುನಃಸ್ಥಾಪನೆಗೊಂಡಿವೆ. ದಾಂಡೇಲಿಯ ಕಾಗದದ ಕಾರ್ಖಾನೆ ನಾನಾ ಪ್ರಾಂತಗಳ ಜನರನ್ನು ಒಂದೆಡೆ ಸೇರಿಸಿತು. 1976ರಲ್ಲಿ ಸ್ಥಾಪಿತವಾದ ಕಾರವಾರದ ಕಥೋಲಿಕ ಧರ್ಮಪ್ರಾಂತ್ಯದ ಪಾದ್ರಿಗಳು ಈ ಭಾಗದ ಕ್ರೈಸ್ತರ ಜನನ, ವಿವಾಹ, ಮರಣಗಳಲ್ಲಿ ಭಾಗಿಗಳಾಗುತ್ತಾರೆ. ಇಂತಹ ಪರಿಸರದಲ್ಲಿ ನೆರೆಯವರ ಧರ್ಮಸಂಕಟವೊಂದನ್ನು ಕುರಿತು ಜೈನರು ಚಿಂತಿಸುವುದು ಅನಧಿಕಾರ ಪ್ರವೇಶವಲ್ಲ. ಪರರ ಮನೆಯ ಪ್ರಶ್ನೆಯನ್ನು ಸರಿಯಾಗಿ ವಿಚಾರಿಸಿದರೆ ಅದು ತನ್ನ ಮನೆಯ ಬಾಗಿಲನ್ನೂ ತಟ್ಟುತ್ತದೆ.

ಪ್ರಶ್ನೆ ಹೀಗಿದೆ: ದೇವರಲ್ಲಿ ನಂಬಿಕೆಯಿಲ್ಲದ ವ್ಯಕ್ತಿ ಕ್ರೈಸ್ತ ಸಭೆಯೊಂದರ ಪಾಲಕನಾಗಿ ಮುಂದುವರಿಯಬಹುದೇ? ಇದು ಕೇವಲ ಕಲ್ಪನೆಯಲ್ಲ. ಕೆನಡಾದ ಟೊರಾಂಟೋ ನಗರದ ವೆಸ್ಟ್ ಹಿಲ್ ಸಭೆಯ ಪಾಲಕಿಯಾಗಿದ್ದ ಗ್ರೆಟ್ಟಾ ವೋಸ್ಪರ್ ಎಂಬವರು, ಲೋಕವನ್ನು ನಡೆಸುವ ದೇವರೊಬ್ಬನುಂಟೆಂದು ತಾವು ನಂಬುವುದಿಲ್ಲವೆಂದು 2001ರಲ್ಲಿಯೇ ಸಭೆಯ ಮುಂದೆ ಹೇಳಿದರು. 2008ರಲ್ಲಿ ಕರ್ತನ ಪ್ರಾರ್ಥನೆಯನ್ನು ಆರಾಧನೆಯಿಂದ ಕೈಬಿಟ್ಟಾಗ ಅನೇಕರು ಸಭೆಯನ್ನು ತೊರೆದರು. ಉಳಿದವರು ಆಕೆಯೊಡನೆ ದೃಢವಾಗಿ ನಿಂತರು. 2013ರಲ್ಲಿ ಆಕೆ ತಮ್ಮನ್ನು ನಾಸ್ತಿಕಳೆಂದೇ ಕರೆದುಕೊಂಡರು. ಆಕೆಗೆ ದೀಕ್ಷೆಯಿತ್ತ ಯುನೈಟೆಡ್ ಚರ್ಚು ವಿಚಾರಣೆ ನಡೆಸಿತು. ದೀಕ್ಷಾಕಾಲದಲ್ಲಿ ಕೇಳಲಾಗಿದ್ದ ಪ್ರಶ್ನೆಗಳಿಗೆ ಆಕೆ ಈಗ ಹಿಂದಿನ ಉತ್ತರವನ್ನೇ ಕೊಡಲಾರರೆಂಬ ಕಾರಣದಿಂದ, ಆಕೆ ಆ ಪದವಿಗೆ ಯೋಗ್ಯರಲ್ಲವೆಂದು 2016ರಲ್ಲಿ ಪರಿಶೀಲನಾ ಸಮಿತಿಯ ಬಹುಮತ ಅಭಿಪ್ರಾಯಪಟ್ಟಿತು. ಆದರೆ 2018ರ ನವೆಂಬರ್‌ನಲ್ಲಿ ಉಭಯಪಕ್ಷಗಳೂ ರಾಜಿಯಾಗಿ, ಆಕೆ ಅದೇ ಸಭೆಯಲ್ಲಿ ಮುಂದುವರಿದರು.

ಜೈನ ವಾಚಕರಲ್ಲಿ ಈ ವೃತ್ತಾಂತ ಮೊದಲಿಗೆ ಒಂದು ಬಗೆಯ ಸಹಾನುಭೂತಿಯನ್ನು ಹುಟ್ಟಿಸಬಹುದು. ಜಗತ್ಕರ್ತನಾದ ಈಶ್ವರನನ್ನು ಜಿನಶಾಸನವೂ ಒಪ್ಪುವುದಿಲ್ಲ. ಮುಂಡಗೋಡದ ಬೌದ್ಧ ಭಿಕ್ಷುಗಳೂ ಒಪ್ಪುವುದಿಲ್ಲ. ಆದ್ದರಿಂದ ಆಕೆ ಒಂದು ಮಿಥ್ಯಾಕಲ್ಪನೆಯನ್ನು ತೊರೆದರೆಂದು ಸಂತೋಷಪಡುವವರೂ ಇರಬಹುದು. ಆದರೆ ಈ ಸಂತೋಷ ಅಪ್ರಸ್ತುತ. ಈಶ್ವರನಿದ್ದಾನೆಯೇ ಎಂಬುದು ದರ್ಶನಶಾಸ್ತ್ರದ ಪ್ರಶ್ನೆ; ಒಂದು ಶ್ರದ್ಧೆಯ ಹೆಸರಿನಲ್ಲಿ ಪಡೆದ ಪೀಠದಲ್ಲಿ ಆ ಶ್ರದ್ಧೆಯಿಲ್ಲದೆ ಕುಳಿತಿರಬಹುದೇ ಎಂಬುದು ಆಚಾರಶಾಸ್ತ್ರದ ಪ್ರಶ್ನೆ. ಇದನ್ನು ಅಳೆಯಲು ಆತ್ಮವಿದೆ, ಕರ್ಮಬಂಧವಿದೆ, ಮೋಕ್ಷವಿದೆ ಎಂದು ನಂಬದ ಮುನಿಯೊಬ್ಬನು ಪಿಂಛಿ ಹಿಡಿದು ಉಪದೇಶಿಸುತ್ತಿರುವುದನ್ನು ಊಹಿಸಿಕೊಂಡರೆ ಸಾಕು. ಆಗ ಪ್ರಶ್ನೆಯ ಭಾರ ತಾನಾಗಿ ತಿಳಿಯುತ್ತದೆ.

ವ್ರತಿಯಾದವನು ಶಲ್ಯರಹಿತನಾಗಿರಬೇಕೆಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ಮಾಯೆ, ಮಿಥ್ಯಾತ್ವ, ನಿದಾನಗಳೆಂದು ಶಲ್ಯಗಳು ಮೂರು: ಒಳಗೊಂದು ಹೊರಗೊಂದಾಗಿರುವ ಕಪಟ, ಶ್ರದ್ಧೆಯ ವೈಪರೀತ್ಯ, ಲೌಕಿಕ ಫಲದ ಹಂಬಲ. ಒಳಗೆ ಮುರಿದು ಉಳಿದ ಮುಳ್ಳು ಮೇಲ್ನೋಟಕ್ಕೆ ಕಾಣದಿದ್ದರೂ ನಡೆಯನ್ನೆಲ್ಲ ಕೆಡಿಸುವಂತೆ ಇವು ವ್ರತವನ್ನು ಕೆಡಿಸುತ್ತವೆ. ಪ್ರಸ್ತುತ ಪ್ರಶ್ನೆಯನ್ನು ಈ ಮೂರರಿಂದ ಪರೀಕ್ಷಿಸುವುದು ಉಚಿತ.

ಮೊದಲನೆಯದು ಮಾಯೆ. ಫ್ರಾನ್ಸಿನ ಎತ್ರೆಪಿಞಿ ಎಂಬ ಹಳ್ಳಿಯಲ್ಲಿ ಜಾನ್ ಮೆಲಿಯೆ ಎಂಬ ಪಾದ್ರಿ 1689ರಿಂದ 1729ರವರೆಗೆ, ಅಂದರೆ ನಲವತ್ತು ವರ್ಷ, ಬಲಿಪೂಜೆ ನಡೆಸಿದನು. ಅವನು ಸತ್ತ ಮೇಲೆ ದೊರೆತ ಕೈಬರಹದ ದೀರ್ಘ ಗ್ರಂಥದಲ್ಲಿ, ತಾನು ದೇವರನ್ನೂ ಧರ್ಮಗಳನ್ನೂ ನಂಬಿರಲಿಲ್ಲವೆಂದು ತನ್ನ ಸಭೆಯವರನ್ನೇ ಉದ್ದೇಶಿಸಿ ಬರೆದಿದ್ದನು. ಬಡ ರೈತರ ಮೇಲೆ ಅವನಿಗೆ ನಿಜವಾದ ಕನಿಕರವಿತ್ತು. ಆದರೂ ಆ ಜನರು ಕೇಳಬೇಕಾಗಿದ್ದ ಮಾತನ್ನು ಅವರು ಪ್ರಶ್ನಿಸಲಾಗದ ಕಾಲಕ್ಕೆ ಉಳಿಸಿಹೋದನು. ವೋಸ್ಪರ್ ಹಾಗೆ ಮಾಡಲಿಲ್ಲ. ಆಕೆಯಲ್ಲಿ ಮಾಯಾಶಲ್ಯವಿಲ್ಲ, ಬದುಕಿದ್ದಾಗಲೇ, ಎದುರಿನಲ್ಲಿಯೇ, ನಷ್ಟವನ್ನು ಅರಿತೇ ನುಡಿದರು. ಸತ್ಯವ್ರತದ ದೃಷ್ಟಿಯಿಂದ ಇದು ಅಲ್ಪವಾದ ಗುಣವಲ್ಲ.

ಎರಡನೆಯದು ಶ್ರದ್ಧೆಯ ವಿಷಯ. ಇಲ್ಲಿ ಶಂಕೆ ಬೇರೆ, ಅಶ್ರದ್ಧೆ ಬೇರೆ ಎಂಬ ವಿವೇಕ ಅಗತ್ಯ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಳ ಕಾಲ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲವೆಂಬುದು ಲೋಕಕ್ಕೆ ತಿಳಿಯಿತು. ಆದರೆ ಅವರು ಕತ್ತಲೆಯಲ್ಲಿ ನಡೆಯುತ್ತಿದ್ದರೇ ಹೊರತು ದಾರಿಯನ್ನು ಬಿಟ್ಟಿರಲಿಲ್ಲ. ಜೈನಪುರಾಣದಲ್ಲಿ ಪುಷ್ಪದಾಲನು ಹನ್ನೆರಡು ವರ್ಷ ಮುನಿವೇಷದಲ್ಲಿದ್ದೂ ಮನಸ್ಸನ್ನು ಮನೆಯಲ್ಲಿಯೇ ಇಟ್ಟಿದ್ದನು. ವಾರಿಷೇಣಮುನಿ ಅವನನ್ನು ಹೊರದೂಡಲಿಲ್ಲ. ತನ್ನ ಅರಮನೆಗೇ ಕರೆದೊಯ್ದು, ತಾನು ತೊರೆದ ವೈಭವವನ್ನು ತೋರಿಸಿ, ಅವನನ್ನು ಮಾರ್ಗದಲ್ಲಿ ನಿಲ್ಲಿಸಿದನು. ಇದೇ ಸ್ಥಿತೀಕರಣ. ಆದ್ದರಿಂದ ಸಂಶಯಪಟ್ಟ ಪಾದ್ರಿಯನ್ನು ಅವನ ಸಭೆ ಕಾಯಬೇಕು, ಕಾಲಾವಕಾಶ ಕೊಡಬೇಕು. ಆದರೆ ವಿಚಾರಮಾಡಿ ನಿಶ್ಚಯಕ್ಕೆ ಬಂದು, ಹಿಂದಿರುಗುವ ಇಚ್ಛೆಯೇ ಇಲ್ಲದವರನ್ನು ಶಂಕಿತರ ಸಾಲಿನಲ್ಲಿ ಸೇರಿಸುವುದು ಅವರ ಪ್ರಾಮಾಣಿಕತೆಗೇ ಮಾಡುವ ಅವಮಾನ.

ಮೂರನೆಯದು ನಿದಾನ, ಇಲ್ಲಿ ಸಭೆಯ ಹೊಣೆಯೂ ಉಂಟು. ಪಾಲಕನ ಮನೆ ಸಭೆಯದು, ಸಂಬಳ ಸಭೆಯದು, ವೃದ್ಧಾಪ್ಯದ ಆಸರೆಯೂ ಸಭೆಯದೇ. ನಂಬಿಕೆ ಹೋಯಿತೆಂದು ಹೇಳಿದ ದಿನವೇ ಬೀದಿಗೆ ಬೀಳಬೇಕಾದರೆ, ಎಷ್ಟು ಜನ ಬಾಯಿ ತೆರೆದಾರು? ಪಾಪವು ಕೃತ, ಕಾರಿತ, ಅನುಮೋದಿತವೆಂದು ಮೂರು ವಿಧ. ನಿಜ ಹೇಳುವುದನ್ನು ಅಸಾಧ್ಯಗೊಳಿಸಿದ ಸಮಾಜ ಆ ಕಪಟವನ್ನು ತಾನು ಮಾಡದಿದ್ದರೂ ಮಾಡಿಸಿದಂತಾಗುತ್ತದೆ. ಗೌರವದಿಂದ ಇಳಿದುಹೋಗಲು ಮೆಟ್ಟಿಲಿಲ್ಲದ ಪೀಠವನ್ನು ಕಟ್ಟಬಾರದು.

ಇನ್ನು, ಫಲ ಒಳ್ಳೆಯದಾದರೆ ಬೋಧಕನ ಅಂತರಂಗವೇಕೆ ಬೇಕು ಎಂಬ ವಾದವುಂಟು. ಕ್ರೈಸ್ತರಲ್ಲಿ ಇದಕ್ಕೆ ಪ್ರಾಚೀನ ಆಧಾರವಿದೆ. ಅಯೋಗ್ಯ ಪಾದ್ರಿ ಕೊಟ್ಟ ಸಂಸ್ಕಾರ ನಿಷ್ಫಲವೆಂದ ಉತ್ತರ ಆಫ್ರಿಕದ ದೊನಾತಸನ ಪಂಥದವರನ್ನು ಸಂತ ಅಗಸ್ಟೀನನು ಖಂಡಿಸಿ, ಸಂಸ್ಕಾರದ ಬಲ ಕ್ರಿಸ್ತನದೇ ಹೊರತು ಪಾದ್ರಿಯದಲ್ಲವೆಂದನು. ಹಳಿಯಾಳದ ಕಾಡಂಚಿನ ತಾಯಿಯೊಬ್ಬಳು ತನ್ನ ಮಗುವಿಗಾದ ದೀಕ್ಷಾಸ್ನಾನವನ್ನು ಕುರಿತು ಅಂಜಬೇಕಾಗಿಲ್ಲವೆಂಬುದು ಇದರ ತಾತ್ಪರ್ಯ. ಶ್ವೇತಾಂಬರ ಪರಂಪರೆಯ ಅಂಗಾರಮರ್ದಕಾಚಾರ್ಯನ ಕಥೆಯೂ ಇಂತಹುದೇ. ಐನೂರು ಶಿಷ್ಯರ ಗುರುವಾಗಿದ್ದ ಅವನು ಸ್ವತಃ ಅಭವ್ಯ. ರಾತ್ರಿ ದಾರಿಯಲ್ಲಿ ಹರಡಿದ್ದ ಇದ್ದಲು ಕಾಲಡಿಯಲ್ಲಿ ಸದ್ದುಮಾಡಿದಾಗ, ಜೀವಿಗಳು ನೊಂದವೆಂದು ಇತರರು ಪಶ್ಚಾತ್ತಾಪಪಟ್ಟರು. ಅವನು ಮಾತ್ರ ಇನ್ನಷ್ಟು ತುಳಿದು ನಡೆದನು. ಅವನ ಬೋಧೆಯಿಂದ ಶಿಷ್ಯರಿಗೆ ಸದ್ಗತಿಯಾಯಿತು, ಅವನಿಗಾಗಲಿಲ್ಲ. ಆದರೆ ಈ ಎರಡು ಆಧಾರಗಳೂ ರಕ್ಷಿಸುವುದು ಶಿಷ್ಯರನ್ನು, ಗುರುವನ್ನಲ್ಲ. ನಿಜ ತಿಳಿದ ಮೇಲೆ ಆ ಐನೂರು ಮಂದಿ ಅವನನ್ನು ಬಿಟ್ಟರೆಂಬುದನ್ನು ಮರೆಯಬಾರದು.

ಸೇವೆಯ ಮಾತೂ ಹೀಗೆಯೇ. ಜೋಯಿಡಾದ ದೂರದ ಹಳ್ಳಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಲು, ರೋಗಿಯನ್ನು ದವಾಖಾನೆಗೆ ಸಾಗಿಸಲು, ಬಡವನ ಅರ್ಜಿ ಬರೆದುಕೊಡಲು ದೇವರನ್ನು ನಂಬಬೇಕಾಗಿಲ್ಲ, ಪೀಠವೂ ಬೇಕಾಗಿಲ್ಲ. ಪೀಠ ಬೇಕಾಗುವುದು ಬೇರೊಂದು ಗಳಿಗೆಯಲ್ಲಿ. ಸಾಯುತ್ತಿರುವ ಮುದುಕಿ ಪಾದ್ರಿಯ ಕೈಹಿಡಿದು, ತಾನು ದೇವರ ಬಳಿಗೆ ಹೋಗುವೆನೇ ಎಂದು ಕೇಳಿದಾಗ, ಹೌದೆಂದರೆ ಅವನಿಗೆ ಸುಳ್ಳು, ಅಲ್ಲವೆಂದರೆ ಅವಳಿಗೆ ಹಿಂಸೆ. ಸಲ್ಲೇಖನ ಕೈಗೊಂಡ ಕ್ಷಪಕನ ಬಳಿ ನಿರ್ಯಾಪಕರು ಎಂತಹವರಿರಬೇಕೆಂದು ಭಗವತೀ ಆರಾಧನೆ ಅಷ್ಟು ವಿಸ್ತಾರವಾಗಿ ವಿಧಿಸಿ, ಅವರ ಸಂಖ್ಯೆಯನ್ನು 48ರವರೆಗೂ ಹೇಳುವುದು ಈ ಗಳಿಗೆಯ ಗಾಂಭೀರ್ಯವನ್ನು ಅರಿತೇ. ಕೊನೆಯ ಉಸಿರಿನವರು ಗುರುವಿನ ಕಂಠವನ್ನಲ್ಲ, ಅವನ ಶ್ರದ್ಧೆಯನ್ನು ಆಧರಿಸುತ್ತಾರೆ. ಇಲ್ಲದುದನ್ನು ಇದೆಯೆಂದು ತೋರಿ ಪಡೆದ ವಿಶ್ವಾಸ ಅದತ್ತಾದಾನಕ್ಕೆ ಸಮೀಪದ್ದು.

ವೆಸ್ಟ್ ಹಿಲ್ಲಿನ ಸಭೆ ಎಲ್ಲವನ್ನೂ ತಿಳಿದೇ ಸಮ್ಮತಿಸಿತ್ತು. ಅವರ ನಡುವೆ ಮೋಸವಿರಲಿಲ್ಲ. ಆ ಸಭೆಗೆ ಬೇಕಾದ ಮುಖಂಡರನ್ನು ಆರಿಸಿಕೊಳ್ಳುವ ಹಕ್ಕು ಅದಕ್ಕಿದೆ. ಆದರೆ ದೀಕ್ಷೆಯ ಮಾತನ್ನು ಆಕೆ ಕೊಟ್ಟದ್ದು ಆ ಒಂದು ಸಭೆಗಲ್ಲ, ಇಡೀ ಸಂಘಕ್ಕೆ. ಆದ್ದರಿಂದ ಆಕೆ ಅವರ ನಾಯಕಿಯಾಗಿ ಉಳಿದು, ದೀಕ್ಷೆಯ ಪದವಿಯನ್ನು ಕೊಟ್ಟವರಿಗೆ ಒಪ್ಪಿಸಿದ್ದರೆ ನಡೆ ಇನ್ನೂ ನಿರ್ಮಲವಾಗುತ್ತಿತ್ತು. ನಂಬದವರು ಸಂಘದಲ್ಲಿರಬಹುದು, ಸೇವಿಸಬಹುದು. ನಂಬಿಕೆಗೆ ಸಾಕ್ಷಿಯಾಗಿ ನಿಲ್ಲುವ ಸ್ಥಾನವನ್ನು ಮಾತ್ರ ಬಿಡುವುದು ಧರ್ಮ.

ಈ ಅಳತೆಗೋಲನ್ನು ನೆರೆಯವರಿಗೆ ಮಾತ್ರ ಹಿಡಿದರೆ ಅದು ಪರನಿಂದೆಯಾದೀತು. ದಶಲಕ್ಷಣ ಪರ್ವಕ್ಕೆ ಪಂಡಿತರನ್ನು ಆಹ್ವಾನಿಸುವಾಗ ಜೈನ ಸಮಾಜ ಕೇಳುವುದು ಅವರ ವಾಕ್ಚಾತುರ್ಯವನ್ನೋ ಶ್ರದ್ಧೆಯನ್ನೋ? ಬಸದಿಯ ಉಪಾಧ್ಯೆಯರು ನಿಜವನ್ನು ಹೇಳಿಯೂ ಅನ್ನ ಉಣ್ಣುವಂತಹ ವ್ಯವಸ್ಥೆಯನ್ನು ಎಷ್ಟು ಊರುಗಳಲ್ಲಿ ಮಾಡಲಾಗಿದೆ? ಮೋಹವಿಲ್ಲದ ಗೃಹಸ್ಥನು ಮೋಹವುಳ್ಳ ಮುನಿಗಿಂತ ಶ್ರೇಷ್ಠನೆಂದು ಸಮಂತಭದ್ರಾಚಾರ್ಯರು ಬಹು ಹಿಂದೆಯೇ ತೀರ್ಪಿತ್ತಿದ್ದಾರೆ. ಪೀಠದಿಂದ ಇಳಿಯುವುದು ಪತನವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಅಭಯ ಬೇಕಾಗಿಲ್ಲ. ಅಂಗಾರಮರ್ದಕನು ಮರುಜನ್ಮದಲ್ಲಿ ಹೊರೆ ಹೊತ್ತು ಬಳಲುವ ಒಂಟೆಯಾಗಿದ್ದಾಗ, ರಾಜಪುತ್ರರಾಗಿ ಹುಟ್ಟಿದ್ದ ಅವನ ಶಿಷ್ಯರೇ ಗುರುತಿಸಿ ಬಿಡಿಸಿದರೆಂದು ಕಥೆ ಹೇಳುತ್ತದೆ. ಗುರುವಾಗಿ ಅವನನ್ನು ಒಪ್ಪಲಾಗದು. ಆದರೆ ಅವನಿಂದ ಪಡೆದ ಉಪಕಾರವನ್ನು ಮರೆಯಲೂ ಆಗದು. ಶ್ರದ್ಧೆ ಕಳೆದುಕೊಂಡ ಬೋಧಕನನ್ನು ಯಾವ ಧರ್ಮದವರೇ ಆಗಲಿ ಬೀಳ್ಕೊಡಬೇಕಾದ ರೀತಿ ಇದೇ.