ವಸಂತಕಾಲದ ಕಾಳುಹಿಮ

ಹಿಮವೆಂದರೆ ಅರಳೆಯಂತೆ ಉದುರುವ ಬೆಳ್ಳನೆಯ ವಸ್ತುವೆಂದಷ್ಟೇ ನಮ್ಮ ನಾಡಿನವರ ಭಾವನೆ. ಅದಕ್ಕೂ ಬಾಲ್ಯ, ಪ್ರಾಯ, ಮುಪ್ಪುಗಳುಂಟೆಂಬುದು ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ವಾಷಿಂಗ್ಟನ್ ಪರ್ವತಕ್ಕೆ ಏಪ್ರಿಲ್ ತಿಂಗಳಲ್ಲಿ ಹೋದಾಗ ನಮ್ಮ ಅನುಭವಕ್ಕೆ ಬಂದಿತು.

ಈ ಪರ್ವತದ ಎತ್ತರ 6,288 ಅಡಿ. ನಮ್ಮ ಮುಳ್ಳಯ್ಯನಗಿರಿಗಿಂತ ಕೊಂಚ ಗಿಡ್ಡವೇ ಸರಿ. ಆದರೆ ಇಲ್ಲಿಯ ಗಾಳಿ ಲೋಕಪ್ರಸಿದ್ಧವಾದುದು. 1934ನೆಯ ಇಸವಿ ಏಪ್ರಿಲ್ 12ರಂದು ಶಿಖರದ ವೀಕ್ಷಣಾಲಯದವರು ಗಂಟೆಗೆ 231 ಮೈಲಿ ವೇಗದ ಗಾಳಿಯನ್ನು ಅಳೆದರು. ಇಂಥ ಗಾಳಿಯು ಚಳಿಗಾಲವೆಲ್ಲ ನೆತ್ತಿಯ ಹಿಮವನ್ನು ಗುಡಿಸಿ ಟಕರ್ಮನ್ ಎಂಬ ಕಮರಿಗೆ ಸುರಿಯುತ್ತದೆ. ಆದುದರಿಂದಲೇ ಕೆಳಗಿನ ಊರುಗಳಲ್ಲಿ ಗಿಡಗಳು ಚಿಗುರಿದ ಮೇಲೂ ಅಲ್ಲಿ ಹಿಮ ಉಳಿದಿರುತ್ತದೆ. ಕಾಲಿಗೆ ನೀಳವಾದ ಹಲಗೆಗಳನ್ನು ಬಿಗಿದು ಜಾರುವ ಸ್ಕೀ ಆಟಗಾರರು ಅಲ್ಲಿಗೆ ಮುತ್ತುತ್ತಾರೆ. ಮೇಲಕ್ಕೊಯ್ಯುವ ಯಂತ್ರವೊಂದೂ ಇಲ್ಲ. ಪಿಂಕಮ್ ನಾಚ್ ಎಂಬ ಕಣಿವೆಯಿಂದ ಸುಮಾರು ಮೂರು ಮೈಲಿ, ಹಲಗೆಗಳನ್ನು ಬೆನ್ನಿಗೆ ಹೊತ್ತು ನಡೆದೇ ಏರಬೇಕು. ನೋಡಲೆಂದು ಬರಿಗೈಯಲ್ಲಿ ಹೋಗಿದ್ದ ನಮಗೇ ಏದುಸಿರು ಬಂದಿತು.

ಹಗಲ ಬಿಸಿಲಿಗೆ ಕರಗಿ, ಇರುಳ ಚಳಿಗೆ ಹೆಪ್ಪುಗಟ್ಟಿ, ಹೀಗೆ ಹಲವು ದಿನ ಕಳೆದರೆ ಹಿಮದ ಸಣ್ಣ ಹರಳುಗಳು ಅಳಿದು, ಉಳಿದವು ದಪ್ಪ ಕಾಳುಗಳಾಗುತ್ತವೆ. ಇದನ್ನೇ ಅಲ್ಲಿಯವರು 'ಕಾರ್ನ್ ಸ್ನೋ' ಎನ್ನುವರು, ನಾವು ಕಾಳುಹಿಮವೆನ್ನೋಣ. ಹಿಡಿಯಲ್ಲಿ ತೆಗೆದು ನೋಡಿದರೆ ನೆನೆದ ಸಬ್ಬಕ್ಕಿಯಂತಿತ್ತು. ಬೆಳಗಿನಲ್ಲಿ ಇಳಿಜಾರೆಲ್ಲ ಬಂಡೆಯಂತೆ ಗಡುಸು. ಜಾರಿಬಿದ್ದವನಿಗೆ ತಡೆಯೇ ಇಲ್ಲ. ಬಿಸಿಲೇರಿದಂತೆ ಮೇಲಿನ ಒಂದೆರಡು ಅಂಗುಲ ಸಡಿಲವಾಗಿ, ಅಡಿಯು ಗಟ್ಟಿಯಾಗಿಯೇ ಇರುವ ಒಂದು ಹದ ಬರುತ್ತದೆ. ಅದು ಹೆಚ್ಚು ಹೊತ್ತು ನಿಲ್ಲದು. ಮೀರಿದರೆ ಹಿಮವೆಲ್ಲ ಅಂಬಲಿಯಾಗಿ ಕಾಲು ಹೂತುಹೋಗುವುದಲ್ಲದೆ, ರಾಶಿಯೇ ಕುಸಿದು ಹರಿಯುವ ಭಯವೂ ಉಂಟು. ಇರುಳು ಮೋಡ ಕವಿದು ಹಿಮ ಹೆಪ್ಪುಗಟ್ಟದಿದ್ದರೆ ಮರುದಿನ ಹದವೇ ಬಾರದು. ಪಾಕ ನೋಡಿ ಒಲೆಯಿಂದಿಳಿಸುವ ಗೃಹಿಣಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ತಲಪಿದಾಗ ನೂರಾರು ಜನರು ಬಂಡೆಗಳ ಮೇಲೆ ಕುಳಿತು ಸುಮ್ಮನೆ ಕಾಯುತ್ತಿದ್ದರು. ಅವಸರವೇ ಬಾಳಾದ ಆ ದೇಶದಲ್ಲಿ ಇದೊಂದು ಸೋಜಿಗ! ಬುತ್ತಿಯುಣ್ಣಲು ಅನುಕೂಲವೆಂದು ಹೆಸರಾದ 'ಲಂಚ್ ರಾಕ್ಸ್' ಬಂಡೆಗಳೇ ಹೆಚ್ಚು ಅಪಾಯದವು. ಬಿಸಿಲಿಗೆ ಮೇಲಿನ ಗೋಡೆಯಿಂದ ಕಳಚುವ ನೀರ್ಗಲ್ಲಿನ ದೊಡ್ಡ ತುಂಡುಗಳು ಆ ಕಡೆಗೇ ಉರುಳಿಬರುತ್ತವೆ. ಈ ಕಮರಿಯಲ್ಲಿ ಪ್ರಾಣ ಕಳೆದುಕೊಂಡವರೂ ಇದ್ದಾರೆ. ಹಿಮವನ್ನು ಹದಗೊಳಿಸುವ ಬಿಸಿಲೇ ಗಂಡಾಂತರವನ್ನೂ ತರುವುದು. ಒಂದನ್ನು ಬೇಡಿ ಇನ್ನೊಂದನ್ನು ಬೇಡವೆನ್ನುವಂತಿಲ್ಲ.

1939ರ ಏಪ್ರಿಲಿನಲ್ಲಿ ಟೋನಿ ಮಾಟ್ ಎಂಬ ಹತ್ತೊಂಬತ್ತರ ಆಸ್ಟ್ರಿಯದ ತರುಣನು ಪಂದ್ಯವೊಂದರಲ್ಲಿ ಈ ಕಡಿದಾದ ಗೋಡೆಯನ್ನು ಎಲ್ಲಿಯೂ ತಿರುವದೆ ನೆಟ್ಟಗೆ ಇಳಿದು, ಶಿಖರದಿಂದ ಬುಡದವರೆಗಿನ ಸುಮಾರು ನಾಲ್ಕು ಮೈಲಿಯನ್ನು ಆರೂವರೆ ನಿಮಿಷದೊಳಗೆ ಮುಗಿಸಿದನು. ಜನರು ಇಂದಿಗೂ ಅದನ್ನು ಕಥೆಯಾಗಿ ಹೇಳುತ್ತಾರೆ. ನಮಗಾದರೋ, ಹದ ಬಂದೊಡನೆ ನಿಧಾನವಾಗಿ ಹಾವಿನಂತೆ ಬಳುಕಿ ಇಳಿದ ನರೆಗೂದಲಿನ ದಂಪತಿಗಳೇ ಹೆಚ್ಚು ಹಿಡಿಸಿದರು. ಅವರ ಹಲಗೆಗಳಡಿಯಿಂದ ಕಾಳುಗಳು ಸರಸರನೆ ಸಿಡಿಯುವ ಸದ್ದು ನಮ್ಮವರೆಗೂ ಕೇಳುತ್ತಿತ್ತು.

ಮಧ್ಯಾಹ್ನ ಕಳೆಯುತ್ತಲೇ ಕಮರಿ ಬರಿದಾಯಿತು. ಕೆಳಗಿಳಿಯುವ ಷರ್ಬರ್ನ್ ಹಾದಿಯಲ್ಲಿ ಹಿಮ ಅರ್ಧಕ್ಕೇ ಮುಗಿದು, ಅಡ್ಡಲಾಗಿ ಹಗ್ಗ ಕಟ್ಟಿದ್ದರು. ಆಟಗಾರರು ಅಲ್ಲಿ ಹಲಗೆಗಳನ್ನು ಬಿಚ್ಚಿ ಹೆಗಲಿಗೇರಿಸಿ, ಕೆಸರು ತುಳಿಯುತ್ತ ಕಾಲುದಾರಿಗೆ ಬಂದು ನಮ್ಮೊಡನೆ ಕೂಡಿಕೊಂಡರು.